ಹೆದ್ದಾರಿಗೊಂದು, ಕೆಸರಿಗೊಂದು: ಫೋರ್‌ವೀಲ್ ವಾಹನದ ಟೈರಿಗೆ ಎಷ್ಟು ಗಾಳಿ ಸರಿ?

ಕಾಫಿತೋಟ_ಮೂಡಿಗೆರೆ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನಾವಿರುವುದು ಬೆಂಗಳೂರಿನಲ್ಲಿ, ತೋಟ ಇರುವುದು ಮೂಡಿಗೆರೆಯ ಕಡೆ. ಥಾರ್ ಡೀಸೆಲ್ ಫೋರ್‌ವೀಲ್ ವಾಹನದಲ್ಲಿ ಹೋಗಿಬರುತ್ತೇವೆ. ನೆಲಮಂಗಲದಿಂದ ಹಾಸನದವರೆಗೆ ಚತುಷ್ಪಥ ಹೆದ್ದಾರಿ, ಅಲ್ಲಿಂದ ಬೇಲೂರಿನ ಮೇಲೆ ಡಾಂಬರು ರಸ್ತೆ, ಕೊನೆಗೆ ತೋಟದೊಳಗಿನ ಏರು ಮಣ್ಣುದಾರಿ. ಮಳೆ ಹಿಡಿದ ಮೇಲೆ ಆ ಏರಿನಲ್ಲಿ ನಾಲ್ಕೂ ಚಕ್ರಗಳು ತಿರುಗುತ್ತವೆಯೇ ಹೊರತು ಗಾಡಿ ಮುಂದಕ್ಕೆ ಹೋಗುವುದಿಲ್ಲ.

ಕಂಪನಿಯಿಂದ ಬಂದಿದ್ದ 245/75 ಆರ್16 ಟೈರುಗಳು ಸವೆದ ಕಾರಣ, ಅದೇ ಅಳತೆಯ, ಆದರೆ ಎಲ್‌ಟಿ (ಲೈಟ್ ಟ್ರಕ್) ಎಂಬ ಗುರುತಿರುವ ಆಲ್ ಟೆರೇನ್ ಟೈರುಗಳನ್ನು ಹಾಕಿಸಿದ್ದೇನೆ. ಗೊಂದಲ ಅಲ್ಲಿಂದ ಶುರುವಾಯಿತು. ಟೈರು ಹಾಕಿದ ಅಂಗಡಿಯವರು 42 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇರಲಿ ಎಂದರು. ಸರ್ವಿಸ್‌ಗೆ ಬಿಟ್ಟಾಗ ಅಲ್ಲಿಯವರು ಅದನ್ನು 32ಕ್ಕೆ ಇಳಿಸಿ ಕೊಟ್ಟರು. ಪಕ್ಕದ ತೋಟದವರು ಮಳೆಗಾಲ ಮುಗಿಯುವವರೆಗೆ 22 ಇಟ್ಟುಬಿಡಿ ಎನ್ನುತ್ತಾರೆ. ಟೈರಿನ ಮೈಮೇಲೆ ನೋಡಿದರೆ 80 ಪಿಎಸ್‌ಐ ಎಂದು ಅಚ್ಚಾಗಿದೆ. ವಾಹನದಲ್ಲಿ ಸಾಮಾನ್ಯವಾಗಿ ಮನೆಯ ನಾಲ್ವರು ಇರುತ್ತೇವೆ, ಜೊತೆಗೆ ಒಂದಿಷ್ಟು ಸಾಮಾನು. ತಿಳಿದವರು ದಯವಿಟ್ಟು ಕಾರಣ ಸಹಿತ ವಿವರಿಸಬೇಕು. ಬರೀ ಒಂದು ಅಂಕಿ ಹೇಳಿ ಹೋದರೆ ನನ್ನ ಬಳಿ ಈಗಿರುವ ನಾಲ್ಕು ಅಂಕಿಗಳಿಗೆ ಐದನೆಯದೊಂದು ಸೇರುತ್ತದೆ, ಅಷ್ಟೆ.

ಶಿರಾಡಿ_ಚಾಲಕ

80 ಎಂಬುದು ಆ ಟೈರು ತನ್ನ ಪೂರ್ತಿ ಭಾರವನ್ನು ಹೊರಬೇಕಾದಾಗ ಬೇಕಾಗುವ ಒತ್ತಡ. ನಿಮ್ಮ ವಾಹನಕ್ಕೆ ಅಷ್ಟು ತುಂಬಿಸಿ ಎಂಬ ಸೂಚನೆ ಅದಲ್ಲ. ಅದನ್ನು ಮೊದಲು ಲೆಕ್ಕದಿಂದ ಬಿಡಿ.

ಯಂತ್ರವಿದ್ಯೆ_ಹಾಸನ

ಕಾರಣ ಕೇಳಿದ್ದೀರಿ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ವಾಹನದ ಭಾರವನ್ನು ಹೊರುವುದು ಬಹುಪಾಲು ಟೈರಿನೊಳಗಿನ ಗಾಳಿ, ರಬ್ಬರಿನ ಪಾಲು ಕಡಿಮೆ. ಗಾಳಿ ಕಡಿಮೆಯಾದಂತೆ ಟೈರು ಹೆಚ್ಚು ಚಪ್ಪಟೆಯಾಗಿ ನೆಲಕ್ಕೆ ತಾಗುತ್ತದೆ. ಹೀಗೆ ಚಪ್ಪಟೆಯಾದಾಗ ಟೈರು ಅಗಲವಾಗುತ್ತದೆ ಎಂದು ಹಲವರು ತಿಳಿದಿದ್ದಾರೆ. ವಾಸ್ತವದಲ್ಲಿ ನೆಲಕ್ಕೆ ತಾಗುವ ಭಾಗ ಅಗಲಕ್ಕಿಂತ ಉದ್ದದಲ್ಲಿ ಹೆಚ್ಚು ಬೆಳೆಯುತ್ತದೆ. ಮಣ್ಣಿನಲ್ಲಿ ಹಿಡಿತ ಹೆಚ್ಚುವುದು ಈ ಉದ್ದದಿಂದಲೇ, ಏಕೆಂದರೆ ಒಂದರ ಹಿಂದೆ ಒಂದು ಇರುವ ಬಟನ್‌ಗಳು, ಅಂದರೆ ಟೈರಿನ ಮೇಲ್ಮೈಯ ರಬ್ಬರ್ ಉಬ್ಬುಗಳು, ಒಟ್ಟಿಗೆ ನೆಲವನ್ನು ಹಿಡಿಯುತ್ತವೆ ಮತ್ತು ಅದೇ ಭಾರ ಹೆಚ್ಚು ಜಾಗಕ್ಕೆ ಹಂಚಿಹೋಗುತ್ತದೆ.

ಹಾಗಿದ್ದರೆ ಸದಾ ಕಡಿಮೆ ಗಾಳಿಯನ್ನೇ ಏಕೆ ಇಡಬಾರದು? ಚಕ್ರ ಒಂದು ಸುತ್ತು ಸುತ್ತುವಾಗ ಸೈಡ್‌ವಾಲ್, ಅಂದರೆ ಟೈರಿನ ಪಕ್ಕದ ಗೋಡೆ, ಒಮ್ಮೆ ಮಡಚಿ ಮತ್ತೆ ನೆಟ್ಟಗಾಗುತ್ತದೆ. ಆ ಮಡಚುವಿಕೆಯಿಂದ ಶಾಖ ಹುಟ್ಟುತ್ತದೆ. ಗಂಟೆಗೆ 20 ಕಿ.ಮೀ. ವೇಗದಲ್ಲಿ ಹುಟ್ಟುವ ಶಾಖ ಹೊರಗಿನ ಗಾಳಿಗೆ ಹರಿದುಹೋಗುತ್ತದೆ, 100 ಕಿ.ಮೀ. ವೇಗದಲ್ಲಿ, ಅದೂ ಗಾಳಿ ಕಡಿಮೆಯಿರುವ ಟೈರಿನಲ್ಲಿ, ಹುಟ್ಟುವ ಶಾಖ ಹೊರಹೋಗುವುದಕ್ಕಿಂತ ಬೇಗ ಒಳಗೆ ಸೇರುತ್ತಾ ಹೋಗಿ ರಬ್ಬರಿಗೂ ಒಳಗಿನ ಪದರಗಳಿಗೂ ಇರುವ ಬೆಸುಗೆಯನ್ನೇ ಬಿಡಿಸುತ್ತದೆ. ಹೆದ್ದಾರಿಯಲ್ಲಿ ಟೈರು ಸಿಡಿಯುವುದಕ್ಕೆ ಹೆಚ್ಚು ಗಾಳಿಯೇ ಕಾರಣ ಎಂದು ಜನ ನಂಬಿದ್ದಾರೆ, ಆದರೆ ಕಡಿಮೆ ಗಾಳಿ, ಹೆಚ್ಚು ಭಾರ, ಹೆಚ್ಚು ವೇಗ ಈ ಮೂರೂ ಕೂಡಿದಾಗಲೇ ಅಪಾಯ ಅತ್ಯಧಿಕ. ಹಾಗಾಗಿ ನಿಮ್ಮ ನೆರೆಯವರು ಹೇಳಿದ 22 ತೋಟದೊಳಗೆ ಸರಿ, ನೆಲಮಂಗಲದ ಹೆದ್ದಾರಿಯಲ್ಲಿ ಅದು ಅಪಾಯ.

ನಿಮ್ಮ ಆರಂಭದ ಅಂಕಿ ಚಾಲಕನ ಬಾಗಿಲು ತೆರೆದಾಗ ಕಂಬದ ಮೇಲೆ ಕಾಣುವ ಚೀಟಿಯಲ್ಲಿದೆ. ಅದು ತಣ್ಣಗಿರುವ ಟೈರಿನ ಅಂಕಿ. ವಾಹನ ಕನಿಷ್ಠ 3 ಗಂಟೆ ನಿಂತಿರಬೇಕು, ಇಲ್ಲವೇ 2 ಕಿ.ಮೀ.ಗಿಂತ ಕಡಿಮೆ ಓಡಿರಬೇಕು.

ಟೈರಂಗಡಿ_ಚಿಕ್ಕಮಗಳೂರು

42 ಎಂದವರನ್ನು ಇಲ್ಲಿ ತಪ್ಪಿತಸ್ಥರನ್ನಾಗಿ ಮಾಡುವ ಮೊದಲು ನನ್ನ ಮಾತನ್ನೂ ಕೇಳಿ. ನಾನು ಇದೇ ಕೆಲಸ ಮಾಡುವವನು.

ಬಾಗಿಲಿನ ಚೀಟಿ ಬರೆದಿರುವುದು ವಾಹನದ ಜೊತೆ ಬಂದ ಸಾಮಾನ್ಯ ಟೈರಿಗೆ. ಎಲ್‌ಟಿ ಟೈರು ಲಘು ಟ್ರಕ್‌ಗಾಗಿ ಮಾಡಿದ್ದು. ಅದರ ಪದರಗಳು ದಪ್ಪ, ಸೈಡ್‌ವಾಲ್ ಗಟ್ಟಿ. ಆದರೆ ಅಳತೆ ಒಂದೇ ಆಗಿದ್ದರೂ ಅಷ್ಟೇ ಭಾರವನ್ನು ಹೊರಲು ಎಲ್‌ಟಿ ಟೈರಿಗೆ ಸಾಮಾನ್ಯ ಟೈರಿಗಿಂತ ಹೆಚ್ಚು ಗಾಳಿ ಬೇಕು. ಟೈರು ಕಂಪನಿಗಳು ಪ್ರಕಟಿಸುವ ಭಾರ ಮತ್ತು ಒತ್ತಡದ ಪಟ್ಟಿಯಲ್ಲಿ ಇದು ಸ್ಪಷ್ಟವಾಗಿದೆ. ಟೈರು ಬದಲಿಸುವಾಗ ಹಳೆಯ ಟೈರು ಚೀಟಿಯ ಒತ್ತಡದಲ್ಲಿ ಎಷ್ಟು ಹೊರುತ್ತಿತ್ತೋ ಹೊಸದೂ ಅಷ್ಟನ್ನು ಹೊರುವಂತೆ ನೋಡಿಕೊಳ್ಳುವುದು ನಮ್ಮ ಜವಾಬ್ದಾರಿ. ಆ ಲೆಕ್ಕ ಹಿಡಿದರೆ 40ರ ಆಚೆ ಈಚೆ ಬರುತ್ತದೆ. ಗ್ರಾಹಕರು ಮುಂದೆ ಎಷ್ಟು ಮೂಟೆ ಹೇರುತ್ತಾರೆಂದು ನಾವು ಕಂಡಿರುವುದಿಲ್ಲವಲ್ಲ.

ಯಂತ್ರವಿದ್ಯೆ_ಹಾಸನ

ನಿಮ್ಮ ಮಾತು ನ್ಯಾಯವಾದದ್ದು, ಅದನ್ನು ಒಪ್ಪುತ್ತೇನೆ. ಆದರೆ ಗ್ರಾಹಕರು ಎಷ್ಟು ಹೇರುತ್ತಾರೆಂದು ನಿಮಗೆ ತಿಳಿಯದು ಎಂಬುದೇ ಇಲ್ಲಿ ಮುಖ್ಯ. ಅವರಿಗೆ ತಿಳಿಯುತ್ತದೆ, ತಿಳಿದುಕೊಳ್ಳುವ ದಾರಿಯೂ ಸುಲಭ. ಕಾಫಿ ವರ್ಕ್ಸ್‌ಗಳ ಬಳಿ, ಹೆದ್ದಾರಿಯ ಬದಿಯಲ್ಲಿ ವೇ ಬ್ರಿಜ್‌ಗಳಿವೆ. ಮನೆಯವರೂ ಸಾಮಾನೂ ವಾಹನದಲ್ಲಿದ್ದಾಗ ಮೊದಲು ಮುಂದಿನ ಚಕ್ರಗಳನ್ನು ಮಾತ್ರ ತಕ್ಕಡಿಯ ಮೇಲೆ ನಿಲ್ಲಿಸಿ ತೂಕ ಬರೆದುಕೊಳ್ಳಿ, ನಂತರ ಹಿಂದಿನವನ್ನು ಮಾತ್ರ ನಿಲ್ಲಿಸಿ ಬರೆದುಕೊಳ್ಳಿ. ಪ್ರತಿಯೊಂದನ್ನೂ 2ರಿಂದ ಭಾಗಿಸಿದರೆ ಒಂದೊಂದು ಟೈರಿನ ಮೇಲಿನ ಭಾರ ಸಿಗುತ್ತದೆ.

ಟೈರಿನ ಮೇಲೆ ಅಳತೆಯ ಪಕ್ಕದಲ್ಲೇ ಭಾರದ ಸೂಚ್ಯಂಕವಿರುತ್ತದೆ. 96 ಎಂದರೆ 710 ಕೆ.ಜಿ., 111 ಎಂದರೆ 1,090 ಕೆ.ಜಿ., 120 ಎಂದರೆ 1,400 ಕೆ.ಜಿ. ಇವೆಲ್ಲ ನಿಗದಿತ ಪೂರ್ಣ ಒತ್ತಡದಲ್ಲಿ ಹೊರುವ ಭಾರಗಳು. ಗಾಳಿ ಇಳಿಸಿದಂತೆ ಈ ಸಾಮರ್ಥ್ಯವೂ ಇಳಿಯುತ್ತದೆ. ಥಾರ್‌ನಂಥ ವಾಹನದಲ್ಲಿ ನಾಲ್ವರಿದ್ದಾಗ ಒಂದು ಚಕ್ರದ ಮೇಲೆ ಬೀಳುವುದು ಸುಮಾರು 500ರಿಂದ 550 ಕೆ.ಜಿ. ಮಾತ್ರ. 80 ಪಿಎಸ್‌ಐ ಸಹಿಸುವ ಎಲ್‌ಟಿ ಟೈರಿಗೆ ಆ ಭಾರ ಏನೂ ಅಲ್ಲ. ಅದಕ್ಕೆ 42 ತುಂಬಿಸಿದರೆ ವಾಹನ ಸಣ್ಣ ಗುಂಡಿಗೂ ಪುಟಿಯುತ್ತದೆ, ಬಟನ್‌ನ ನಡುಭಾಗ ಬೇಗ ಸವೆಯುತ್ತದೆ, ಒದ್ದೆ ರಸ್ತೆಯಲ್ಲಿ ಬ್ರೇಕಿನ ಹಿಡಿತ ಕಡಿಮೆಯಾಗುತ್ತದೆ. ಚೀಟಿಯ ಅಂಕಿಗಿಂತ ಕೆಳಗೆ ಹೆದ್ದಾರಿಯಲ್ಲಿ ಎಂದೂ ಹೋಗಬೇಡಿ. ಎಲ್‌ಟಿ ಆದ್ದರಿಂದ ಅದಕ್ಕಿಂತ 3–4 ಪಿಎಸ್‌ಐ ಮೇಲಿಟ್ಟು ಆರಂಭಿಸಿ.

ಟೈರಂಗಡಿ_ಚಿಕ್ಕಮಗಳೂರು

ತೂಕ ಹಾಕಿಸಿದವರಿಗೆ ನಿಮ್ಮ ಲೆಕ್ಕ ಸಲ್ಲುತ್ತದೆ. ಹಾಕಿಸದವರಿಗೆ ನಾನು ಮುಂದೆಯೂ ಹೆಚ್ಚೇ ಹೇಳುತ್ತೇನೆ, ಈ ವಿಷಯದಲ್ಲಿ ನನ್ನ ನಿಲುವು ಬದಲಾಗದು. ಕಾಳುಮೆಣಸಿನ ಮೂಟೆಗಳನ್ನು ಹಿಂದೆ ಹೇರಿ, ಮೇಲೆ ಕ್ಯಾರಿಯರ್‌ಗೂ ಕಟ್ಟಿ, ಟೈರು ಮೆತ್ತಗಿದ್ದರೂ ಘಾಟಿ ಇಳಿಯುವವರನ್ನು ಕಂಡಿದ್ದೇನೆ. ಅಂಥವರ ಟೈರಿನ ಸೈಡ್‌ವಾಲ್ ಒಳಭಾಗದಲ್ಲಿ ಪುಡಿ ಪುಡಿಯಾಗಿ ಉದುರಿರುತ್ತದೆ, ಹೊರಗಿನಿಂದ ಏನೂ ಕಾಣುವುದಿಲ್ಲ.

ಹುಬ್ಬಳ್ಳಿ_ಪ್ರಯಾಣಿಕಳು

3–4 ಪಿಎಸ್‌ಐ ಮೇಲಿಟ್ಟು ಆರಂಭಿಸಿ ಎಂದಿರಿ, ಅದು ಸರಿಯಾಯಿತೇ ಎಂದು ತಿಳಿಯುವ ಬಗೆಯನ್ನು ನಾನು ಹೇಳುತ್ತೇನೆ. ಆಸ್ಟ್ರೇಲಿಯಾದ ಫೋರ್‌ವೀಲ್ ಪ್ರಯಾಣಿಕರಲ್ಲಿ ಬಹಳ ಬಳಕೆಯಲ್ಲಿರುವ ಕ್ರಮವಿದು. ಬೆಳಿಗ್ಗೆ ತಣ್ಣಗಿರುವಾಗ ಒತ್ತಡ ಬರೆದುಕೊಳ್ಳಬೇಕು. ಹೆದ್ದಾರಿಯಲ್ಲಿ ಒಂದು ಗಂಟೆಯ ಹೊತ್ತು ಒಂದೇ ವೇಗದಲ್ಲಿ ಓಡಿಸಿ, ನಿಲ್ಲಿಸಿದ ಕೂಡಲೇ ಮತ್ತೆ ಅಳೆಯಬೇಕು. ಸಾಮಾನ್ಯ ಟೈರಿನಲ್ಲಿ ಸುಮಾರು 4 ಪಿಎಸ್‌ಐ, ಎಲ್‌ಟಿ ಟೈರಿನಲ್ಲಿ ಸುಮಾರು 6 ಪಿಎಸ್‌ಐ ಏರಿದ್ದರೆ ನೀವು ಇಟ್ಟ ಗಾಳಿ ಸರಿ. ಅದಕ್ಕಿಂತ ಹೆಚ್ಚು ಏರಿದ್ದರೆ ಟೈರು ಅತಿಯಾಗಿ ಮಡಚಿ ಬಿಸಿಯಾಗಿದೆ ಎಂದರ್ಥ, ಆದ್ದರಿಂದ ಗಾಳಿ ಹೆಚ್ಚಿಸಬೇಕು. ಕಡಿಮೆ ಏರಿದ್ದರೆ ಗಾಳಿ ಜಾಸ್ತಿಯಾಗಿದೆ, ಸ್ವಲ್ಪ ಇಳಿಸಬಹುದು. ಮೊದಲ ಬಾರಿ ಕೇಳಿದಾಗ ಇದು ತಲೆಕೆಳಗಾಗಿ ತೋರುತ್ತದೆ, ಆದರೆ ಮೇಲೆ ಹೇಳಿದ ಶಾಖದ ವಿಚಾರವನ್ನು ಜೊತೆಗಿಟ್ಟು ನೋಡಿದರೆ ಸುಲಭವಾಗಿ ಅರ್ಥವಾಗುತ್ತದೆ.

ಶಿರಾಡಿ_ಚಾಲಕ

ಬಿಸಿಯಾದ ಟೈರಿನಲ್ಲಿ ಅಂಕಿ ಏರಿದೆಯೆಂದು ಅಲ್ಲೇ ಗಾಳಿ ಬಿಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮರುದಿನ ತಣ್ಣಗಾದಾಗ ಅದು ಬೇಕಾದ್ದಕ್ಕಿಂತ ಕೆಳಗಿರುತ್ತದೆ.

ಭೌತಶಾಸ್ತ್ರ_ಮೇಷ್ಟ್ರು

ಹುಬ್ಬಳ್ಳಿಯ ಮೇಡಂ ಹೇಳಿದ ಕ್ರಮಕ್ಕೆ ಒಂದು ತಿದ್ದುಪಡಿ ಅಗತ್ಯ. ಟೈರಿನ ಒತ್ತಡವನ್ನು ಏರಿಸುವುದು ಮಡಚುವಿಕೆಯ ಶಾಖ ಮಾತ್ರವಲ್ಲ, ಹೊರಗಿನ ಹವೆಯೂ ಏರಿಸುತ್ತದೆ. 30 ಪಿಎಸ್‌ಐ ಆಸುಪಾಸಿನಲ್ಲಿರುವ ಟೈರಿನಲ್ಲಿ ಪ್ರತಿ 10 ಡಿಗ್ರಿ ಸೆಲ್ಸಿಯಸ್‌ಗೆ ಹತ್ತಿರ ಹತ್ತಿರ ಒಂದೂವರೆ ಪಿಎಸ್‌ಐ ವ್ಯತ್ಯಾಸ ಬರುತ್ತದೆ. ಬೆಂಗಳೂರಿನಲ್ಲಿ ನಸುಕಿನ 18 ಡಿಗ್ರಿಯಲ್ಲಿ ಅಳೆದು, ಮಧ್ಯಾಹ್ನದ 32 ಡಿಗ್ರಿಯಲ್ಲಿ ಇನ್ನೊಮ್ಮೆ ಅಳೆದರೆ ವಾಹನ ಓಡದೆ ನಿಂತಿದ್ದರೂ 2 ಪಿಎಸ್‌ಐ ಏರಿರುತ್ತದೆ. ಆ 2ನ್ನು ಕಳೆದೇ 4 ಅಥವಾ 6ರ ಲೆಕ್ಕ ನೋಡಬೇಕು. ಬಿಸಿಲು ಬೀಳುವ ಬದಿಯ ಟೈರು ನೆರಳಿನ ಬದಿಯದಕ್ಕಿಂತ ಹೆಚ್ಚು ತೋರಿಸುವುದೂ ಇದೇ ಕಾರಣಕ್ಕೆ. ಅದನ್ನು ಸರಿಸಮ ಮಾಡಲು ಹೋಗಬಾರದು.

ಹುಬ್ಬಳ್ಳಿ_ಪ್ರಯಾಣಿಕಳು

ಒಪ್ಪಿದೆ ಸರ್. ಅದಕ್ಕಾಗಿಯೇ ನಾನು ಮುಂಜಾನೆ ಹೊರಟು, ಬಿಸಿಲೇರುವ ಮೊದಲೇ ಎರಡನೆಯ ಅಳತೆ ಮುಗಿಸುತ್ತೇನೆ.

ಜೀಪು_ಮಡಿಕೇರಿ

ಹೆದ್ದಾರಿಯ ವಿಚಾರ ಬಹಳವಾಯಿತು, ಕೆಸರಿನ ವಿಚಾರಕ್ಕೆ ಬರೋಣ. ನಾನು ಓಡಿಸುವುದು ಹಳೆಯ ಜೀಪು, 6.00-16 ಟೈರು, ಒಳಗೆ ಟ್ಯೂಬು. ಇಂಥ ವಾಹನದವರು ಮೇಲಿನ ಸಲಹೆಗಳನ್ನು ಓದಿ 18, 16 ಎಂದು ಇಳಿಸಿದರೆ ತೊಂದರೆಗೆ ಸಿಕ್ಕಿಬೀಳುತ್ತಾರೆ. ಗಾಳಿ ತೀರ ಕಡಿಮೆಯಾದಾಗ ರಿಮ್ ಒಂದು ಕಡೆ ತಿರುಗಿ ಟೈರು ಹಿಂದೆ ಉಳಿಯುತ್ತದೆ. ಟೈರಿನ ಜೊತೆ ಟ್ಯೂಬೂ ಜರುಗುತ್ತದೆ, ಆದರೆ ಅದರ ವಾಲ್ವ್ ರಿಮ್ಮಿನ ತೂತಿಗೆ ಸಿಕ್ಕಿಕೊಂಡಿರುವುದರಿಂದ ಬುಡದಲ್ಲೇ ಕಿತ್ತುಬರುತ್ತದೆ. ಆ ಟ್ಯೂಬಿಗೆ ಪಂಕ್ಚರ್ ಹಾಕಲೂ ಬರುವುದಿಲ್ಲ. ಗಾಳಿ ಇಳಿಸಿ ಓಡಿಸುವ ಕ್ರಮ ಟ್ಯೂಬ್‌ಲೆಸ್ ಟೈರಿಗೆ ಸೇರಿದ್ದು ಎಂಬುದನ್ನು ಇಲ್ಲಿ ಯಾರೂ ಹೇಳದಿರುವುದು ನನಗೆ ಸರಿಕಾಣಲಿಲ್ಲ.

ನಮ್ಮ ಕಡೆ ಮಳೆಗಾಲದಲ್ಲಿ ಚೈನು ಕಟ್ಟುತ್ತೇವೆ. ಚೈನಿಗೂ ಗಾಳಿಗೂ ಸಂಬಂಧವಿದೆ. ಮೊದಲು ಗಾಳಿ ಸರಿಮಾಡಿಕೊಂಡು ಆಮೇಲೆ ಚೈನು ಬಿಗಿಯಬೇಕು. ಚೈನು ಕಟ್ಟಿದ ಮೇಲೆ ಗಾಳಿ ಇಳಿಸಿದರೆ ಚೈನು ಸಡಿಲವಾಗಿ ಸೈಡ್‌ವಾಲನ್ನು ಉಜ್ಜುತ್ತದೆ, ಬ್ರೇಕ್ ಪೈಪಿಗೂ ಬಡಿಯಬಹುದು.

ಕಾಫಿತೋಟ_ಮೂಡಿಗೆರೆ

ನಮ್ಮದು ಟ್ಯೂಬ್‌ಲೆಸ್, ಆದರೂ ಈ ವಿಷಯ ತಿಳಿದಿರಲಿಲ್ಲ, ವಂದನೆಗಳು. ನಮ್ಮ ದಾರಿ ಮೇಲೆ ಜಾರುವ ಕೆಂಪು ಜೇಡಿ, ಕೆಳಗೆ ಗಟ್ಟಿ ಜಂಬಿಟ್ಟಿಗೆ. ಹೀಗಿದ್ದಾಗ ಎಷ್ಟು ಇಳಿಸಬೇಕು? ಅಲ್ಲಲ್ಲಿ ಚೂಪು ಕಲ್ಲುಗಳೂ ಎದ್ದಿವೆ.

ಎರೆಹೊಲ_ಗದಗ

ಇಲ್ಲಿ ಒಂದು ಮಾತು ಸ್ಪಷ್ಟವಾಗಬೇಕು. ಕೆಸರು ಎಂದರೆ ಎಲ್ಲ ಕಡೆಯೂ ಒಂದೇ ಕೆಸರಲ್ಲ. ನಮ್ಮ ಎರೆಮಣ್ಣಿನಲ್ಲಿ ಎಷ್ಟು ಆಳಕ್ಕೆ ಹೋದರೂ ಗಟ್ಟಿ ನೆಲ ಸಿಗುವುದಿಲ್ಲ, ಆದ್ದರಿಂದ ಮೇಲೆ ತೇಲಿಕೊಂಡು ಹೋಗುವುದೊಂದೇ ದಾರಿ. ಟ್ರ್ಯಾಕ್ಟರ್ ಇರುವ ರೈತರಿಗೆ ಇದು ಗೊತ್ತು. ಹೊಲದ ಕೆಲಸಕ್ಕೆ ಹಿಂದಿನ ದೊಡ್ಡ ಗಾಲಿಯಲ್ಲಿ 12ರಿಂದ 14 ಪಿಎಸ್‌ಐ ಇಡುತ್ತೇವೆ, ಟ್ರೇಲರ್ ಎಳೆದುಕೊಂಡು ಡಾಂಬರಿನ ಮೇಲೆ ಹೋಗುವಾಗ ಏರಿಸುತ್ತೇವೆ. ಇನ್ನೊಂದು ಲಾಭವೂ ಉಂಟು. ಎರೆ ಅಂಟಿಕೊಂಡು ಬಟನ್‌ಗಳ ಸಂದು ಮುಚ್ಚಿಹೋದರೆ ಎಂಥ ಒಳ್ಳೆಯ ಟೈರೂ ನುಣುಪಾದ ಉರುಳೆಯಾಗಿಬಿಡುತ್ತದೆ. ಗಾಳಿ ಕಡಿಮೆಯಿದ್ದಾಗ ಟೈರು ಹೆಚ್ಚು ಬಾಗುವುದರಿಂದ ಆ ಮಣ್ಣು ತಾನಾಗಿ ಕಳಚಿ ಬೀಳುತ್ತದೆ.

ನಿಮ್ಮ ಜಂಬಿಟ್ಟಿಗೆ ನೆಲದ ಮಾತೇ ಬೇರೆ. ಮೇಲಿನ ಜೇಡಿ ತೆಳುವಾಗಿದ್ದರೆ ಟೈರು ಅದನ್ನು ಕತ್ತರಿಸಿ ಕೆಳಗಿನ ಗಟ್ಟಿ ನೆಲವನ್ನು ಮುಟ್ಟಿದರೇ ಒಳ್ಳೆಯದು. ತೀರ ಕೆಳಗೆ ಇಳಿಸಿದರೆ ಟೈರು ಜೇಡಿಯ ಮೇಲೆಯೇ ಉಳಿದು ಅಡ್ಡಡ್ಡ ಜಾರುತ್ತದೆ.

ಜೀಪು_ಮಡಿಕೇರಿ

ಗದಗದವರ ಮಾತನ್ನು ಅರ್ಧ ಒಪ್ಪುತ್ತೇನೆ. ತೆಳು ಜೇಡಿ ಎಂಬುದು ಜೂನ್ ತಿಂಗಳ ಮಾತು. ಆಗಸ್ಟ್ ಹೊತ್ತಿಗೆ ತೋಟದ ದಾರಿಯಲ್ಲಿ ಗಾಡಿ ಓಡಾಡಿ ಓಡಾಡಿ ಅದೇ ಜೇಡಿ ಮೊಣಕಾಲುದ್ದ ಆಗಿರುತ್ತದೆ. ಆಗ ಇಳಿಸದೆ ವಿಧಿಯಿಲ್ಲ.

ಯಂತ್ರವಿದ್ಯೆ_ಹಾಸನ

ಇಬ್ಬರ ಮಾತೂ ತಮ್ಮ ತಮ್ಮ ನೆಲಕ್ಕೆ ಸರಿ. ಮೂಡಿಗೆರೆಯವರಿಗೆ ನನ್ನ ಸಲಹೆ: ಏರಿನ ಬುಡದಲ್ಲಿ ನಿಲ್ಲಿಸಿ ಮೊದಲು 25ಕ್ಕೆ ಇಳಿಸಿ, ಫೋರ್ ಲೋ (ನಾಲ್ಕೂ ಚಕ್ರಗಳಿಗೆ ನಿಧಾನ ವೇಗದಲ್ಲಿ ಹೆಚ್ಚು ಬಲ ಕೊಡುವ ಗೇರು) ಹಾಕಿ, ಎಕ್ಸಲರೇಟರ್ ಒಂದೇ ಹದದಲ್ಲಿಟ್ಟು ಏರಿಸಿ ನೋಡಿ. ಸಾಲದಿದ್ದರೆ 22, ಆಗಲೂ ಸಾಲದಿದ್ದರೆ 20. ಒಂದೇ ಸಲಕ್ಕೆ 16ಕ್ಕೆ ಹೋಗುವ ಅಗತ್ಯ ಆ ದಾರಿಗಿಲ್ಲ. ಎಲ್‌ಟಿ ಟೈರಿನ ಸೈಡ್‌ವಾಲ್ ಗಟ್ಟಿಯಾದ್ದರಿಂದ ಸಾಮಾನ್ಯ ಟೈರಿನಷ್ಟು ಉಬ್ಬಲು ಅದನ್ನು 2–3 ಪಿಎಸ್‌ಐ ಹೆಚ್ಚು ಇಳಿಸಬೇಕಾಗಬಹುದು ಎಂಬುದೂ ನೆನಪಿರಲಿ.

ಕಲ್ಲಿನ ವಿಷಯದಲ್ಲಿ ಲಾಭ ನಷ್ಟ ಎರಡೂ ಇದೆ. ಗಾಳಿ ಕಡಿಮೆಯಿದ್ದಾಗ ಟೈರು ಕಲ್ಲಿನ ಸುತ್ತ ಬಾಗಿ ಅದನ್ನು ಒಳಗೆ ತೆಗೆದುಕೊಳ್ಳುವುದರಿಂದ ಬಟನ್ ಭಾಗ ತೂತಾಗುವುದು ಕಡಿಮೆ. ಆದರೆ ಸೈಡ್‌ವಾಲ್ ಹೊರಗೆ ಉಬ್ಬಿಕೊಳ್ಳುತ್ತದೆ, ಪಕ್ಕದ ಚೂಪು ಕಲ್ಲು ಅದನ್ನು ಸೀಳಿದರೆ ಪಂಕ್ಚರ್ ಅಂಗಡಿಯಲ್ಲಿ ಅದಕ್ಕೆ ಪರಿಹಾರವಿಲ್ಲ. ಆದ್ದರಿಂದ ಕಲ್ಲಿರುವ ಕಡೆ ಇಳಿದು ನೋಡಿ, ಚಕ್ರ ಕಲ್ಲಿನ ಮೇಲೆಯೇ ಹತ್ತುವಂತೆ ಸಾಗಿ. ಕಲ್ಲಿನ ಪಕ್ಕಕ್ಕೆ ಉಜ್ಜಿಕೊಂಡು ಹೋಗಬೇಡಿ.

ನಗರವಾಸಿ_ಜಿಮ್ನಿ

ಇಷ್ಟೆಲ್ಲ ಏರಿಸಿ ಇಳಿಸುವ ತಾಪತ್ರಯ ಏಕೆ? ಹೆದ್ದಾರಿಗೂ ತೋಟಕ್ಕೂ ನಡುವಿನ ಒಂದು ಅಂಕಿ, 26 ಎಂದಿಟ್ಟುಕೊಳ್ಳೋಣ, ಅದನ್ನೇ ಸದಾ ಇಟ್ಟರೆ ಆಗದೇ? ನನ್ನ ಜಿಮ್ನಿಯಲ್ಲಿ 195/80 ಆರ್15 ಟೈರಿದೆ, ಗಾಡಿಯೂ ಹಗುರ. ನಾನು ಹಾಗೆಯೇ ಮಾಡುತ್ತಿದ್ದೇನೆ, ತೊಂದರೆ ಕಂಡಿಲ್ಲ.

ಭೌತಶಾಸ್ತ್ರ_ಮೇಷ್ಟ್ರು

ನಿಮ್ಮ ವಾಹನದ ಚೀಟಿಯಲ್ಲಿ ಎಷ್ಟಿದೆಯೋ ಅದಕ್ಕಿಂತ 26 ಕಡಿಮೆಯಲ್ಲದಿದ್ದರೆ ನಿಮಗೆ ಅದು ಸರಿ. ಹಗುರ ವಾಹನಕ್ಕೆ ಕಡಿಮೆ ಗಾಳಿಯೇ ಸಾಕು. ಆದರೆ ಅದನ್ನು ನೋಡಿ ಭಾರದ ವಾಹನದವರು ಅನುಕರಿಸಬಾರದು. ಶಾಖದ ಜೊತೆಗೆ ಇನ್ನೊಂದು ಕಾರಣವನ್ನೂ ಹೇಳುತ್ತೇನೆ, ನಮ್ಮ ಮಳೆನಾಡಿಗೆ ಅದು ಬಹಳ ಮುಖ್ಯ.

ರಸ್ತೆಯ ಮೇಲೆ ನೀರು ನಿಂತಿರುವಾಗ ಒಂದು ವೇಗದ ಆಚೆ ಟೈರು ನೀರನ್ನು ಸೀಳಲಾರದೆ ಅದರ ಮೇಲೆ ತೇಲತೊಡಗುತ್ತದೆ. ಆಗ ಸ್ಟಿಯರಿಂಗೂ ಇಲ್ಲ, ಬ್ರೇಕೂ ಇಲ್ಲ. ಆ ವೇಗ ಗಾಳಿಯ ಒತ್ತಡದ ವರ್ಗಮೂಲಕ್ಕೆ ಅನುಗುಣವಾಗಿರುತ್ತದೆ ಎಂದು 1960ರ ದಶಕದಲ್ಲಿ ನಾಸಾ ಸಂಸ್ಥೆ ವಿಮಾನದ ಟೈರುಗಳ ಮೇಲೆ ನಡೆಸಿದ ಅಧ್ಯಯನದಿಂದ ತಿಳಿಯಿತು. ಆ ಸೂತ್ರದಂತೆ 32 ಪಿಎಸ್‌ಐಗೆ ಗಂಟೆಗೆ ಸುಮಾರು 94 ಕಿ.ಮೀ., 20 ಪಿಎಸ್‌ಐಗೆ ಸುಮಾರು 75 ಕಿ.ಮೀ. ಬರುತ್ತದೆ. ಕಾರಿನ ಟೈರಿನ ಆಕಾರ, ಬಟನ್‌ನ ಆಳ, ನೀರಿನ ಆಳ ಇವೆಲ್ಲ ಬೇರೆ ಇರುವುದರಿಂದ ಈ ಅಂಕಿಗಳನ್ನು ಹಾಗೆಯೇ ನಂಬಿ ಓಡಿಸಬಾರದು, ಆದರೆ ಗಾಳಿ ಇಳಿದಂತೆ ಅಪಾಯದ ವೇಗವೂ ಇಳಿಯುತ್ತದೆ ಎಂಬುದು ಖಚಿತ. ತೋಟದಿಂದ ಮೆತ್ತನೆಯ ಟೈರಿನಲ್ಲೇ ಹೊರಟು, ಮಳೆಯಲ್ಲಿ ಹಾಸನದ ಹೆದ್ದಾರಿ ಸೇರಿದರೆ ಎರಡು ಅಪಾಯಗಳು ಒಟ್ಟಿಗೆ ಎದುರಾಗುತ್ತವೆ.

ದುಬೈ_ಕನ್ನಡಿಗ

ಇಲ್ಲಿ ಮರಳುಗಾಡಿನಲ್ಲಿ ವಾಹನ ಓಡಿಸುವ ಕನ್ನಡಿಗರು ಹಲವರಿದ್ದೇವೆ. ಮರಳಿನಲ್ಲಿ ಮಾತ್ರ ಚರ್ಚೆಗೇ ಜಾಗವಿಲ್ಲ, ಇಳಿಸಲೇಬೇಕು. ಡಾಂಬರು ಮುಗಿದ ಕಡೆ ಎಲ್ಲರೂ ನಿಂತು 15ರಿಂದ 18ಕ್ಕೆ ಇಳಿಸಿಕೊಂಡೇ ಒಳಗೆ ಹೋಗುತ್ತೇವೆ. ಎಷ್ಟು ಅಶ್ವಶಕ್ತಿಯ ಎಂಜಿನ್ ಇದ್ದರೂ 35 ಪಿಎಸ್‌ಐ ಟೈರು ಮರಳನ್ನು ಅಗೆದು ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ.

ಮಿತಿಯನ್ನೂ ಹೇಳಬೇಕು. 15ರ ಕೆಳಗೆ ಹೋದಂತೆ ಟೈರಿನ ಅಂಚು, ಅಂದರೆ ಬೀಡ್, ರಿಮ್ಮಿನಿಂದ ಕಳಚುವ ಸಂಭವ ಹೆಚ್ಚುತ್ತದೆ. ದಿಬ್ಬದ ಇಳಿಜಾರಿನಲ್ಲಿ ಅಡ್ಡ ಸಾಗುವಾಗ ತಟ್ಟನೆ ಸ್ಟಿಯರಿಂಗ್ ತಿರುಗಿಸಿದರೆ ಇದು ಆಗುತ್ತದೆ. 12ಕ್ಕೂ ಕೆಳಗೆ ಇಳಿಸುವವರು ಬೀಡನ್ನು ಬಿಗಿಹಿಡಿಯುವ ಬೀಡ್‌ಲಾಕ್ ಇರುವ ರಿಮ್ ಹಾಕಿಸಿಕೊಂಡಿರುತ್ತಾರೆ, ಇಲ್ಲವೇ ಸಿಕ್ಕಿಬಿದ್ದಾಗ ಹೊರಬರುವಷ್ಟು ದೂರಕ್ಕೆ ಮಾತ್ರ ಇಳಿಸುತ್ತಾರೆ. ನಸುಕಿನಲ್ಲಿ ಇಬ್ಬನಿ ಬಿದ್ದ ಮರಳು ಸ್ವಲ್ಪ ಗಟ್ಟಿ, ಮಧ್ಯಾಹ್ನ ಅದೇ ಜಾಗ ಮೆತ್ತಗಾಗಿರುತ್ತದೆ, ಆದ್ದರಿಂದ ಬೆಳಿಗ್ಗೆ ಸಾಕಾದ ಒತ್ತಡ ಮರಳುವಾಗ ಸಾಲದಿರಬಹುದು. ಊರಿನವರು ಕಣ್ಣೂರಿನ ಬಳಿಯ ಮುಳಪ್ಪಿಲಂಗಾಡ್ ಕಡಲತೀರದಲ್ಲಿ ಗಾಳಿ ಇಳಿಸದೆ ಓಡಿಸಿ ಬಂದು ಮರಳು ಸುಲಭ ಎನ್ನುತ್ತಾರೆ. ಅಲ್ಲಿಯ ಒದ್ದೆ ಮರಳು ಗಟ್ಟಿಯಾಗಿ ಕೂತಿರುತ್ತದೆ. ಅದನ್ನು ಜೈಸಲ್ಮೇರಿನ ದಿಬ್ಬಗಳಿಗೆ ಅನ್ವಯಿಸಬೇಡಿ.

ಲಡಾಖ್_ಕನಸು

ಮುಂದಿನ ವರ್ಷ ಲಡಾಖ್‌ಗೆ ಹೋಗಬೇಕೆಂದಿದ್ದೇವೆ. ಎತ್ತರಕ್ಕೆ ಹೋದಂತೆ ಟೈರು ಉಬ್ಬಿ ಸಿಡಿಯುತ್ತದೆ, ಗಾಳಿ ಬಿಡುತ್ತಾ ಹೋಗಬೇಕು ಎಂದು ಕೇಳಿದ್ದೇನೆ. ನಿಜವೇ?

ಭೌತಶಾಸ್ತ್ರ_ಮೇಷ್ಟ್ರು

ಸಿಡಿಯುವುದಿಲ್ಲ. ಗೇಜ್ ತೋರಿಸುವುದು ಒಳಗಿನ ಒತ್ತಡಕ್ಕೂ ಹೊರಗಿನ ವಾತಾವರಣದ ಒತ್ತಡಕ್ಕೂ ಇರುವ ವ್ಯತ್ಯಾಸವನ್ನು. ಬೆಂಗಳೂರಿನ 920 ಮೀಟರ್ ಎತ್ತರದಲ್ಲಿ ಹೊರಗಿನ ಒತ್ತಡ ಸುಮಾರು 13 ಪಿಎಸ್‌ಐ, 5,359 ಮೀಟರ್ ಎತ್ತರದ ಖರ್ದುಂಗ್ ಲಾದಲ್ಲಿ ಏಳೂವರೆಯಷ್ಟು. ಆದ್ದರಿಂದ ತಾಪಮಾನ ಒಂದೇ ಆಗಿದ್ದರೆ ಗೇಜ್‌ನಲ್ಲಿ ಸುಮಾರು ಐದೂವರೆ ಪಿಎಸ್‌ಐ ಹೆಚ್ಚು ಕಾಣಬೇಕು. ಆದರೆ ಅಲ್ಲಿಯ ಚಳಿ ಅದನ್ನು ಕೆಳಗೆ ಎಳೆಯುತ್ತದೆ. ಊರಿನಲ್ಲಿ 28 ಡಿಗ್ರಿಯಿದ್ದು ಅಲ್ಲಿ ಸೊನ್ನೆ ಇದ್ದರೆ 4 ಪಿಎಸ್‌ಐ ಇಳಿಯುತ್ತದೆ, ಎರಡನ್ನೂ ಕೂಡಿ ಕಳೆದರೆ ಉಳಿಯುವ ವ್ಯತ್ಯಾಸ ಅತ್ಯಲ್ಪ.

ನಮ್ಮಲ್ಲೇ ಇದನ್ನು ನೋಡಬಹುದು. ಮಂಗಳೂರಿನಿಂದ 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಗೆ ಏರಿದರೆ ಎತ್ತರದಿಂದ 3 ಪಿಎಸ್‌ಐ ಏರಬೇಕು, ತಂಪಿನಿಂದ ಒಂದೂವರೆ ಎರಡರಷ್ಟು ಇಳಿಯುತ್ತದೆ. ಲಡಾಖ್‌ನಲ್ಲಿ ಎರಡು ಮೂರು ದಿನ ನಿಂತಾಗ ಬೆಳಗಿನ ತಣ್ಣಗಿನ ಅಳತೆ ತೆಗೆದು ಚೀಟಿಯ ಅಂಕಿಗೆ ಹೊಂದಿಸಿಕೊಳ್ಳಿ. ಹಾಗೆ ಗಾಳಿ ಬಿಟ್ಟಿದ್ದರೆ ಮನಾಲಿಗೆ ಇಳಿದ ಮೇಲೆ ಮತ್ತೆ ಅಳೆಯುವುದನ್ನು ಮರೆಯಬಾರದು, ಏಕೆಂದರೆ ಅಷ್ಟೇ ಪಿಎಸ್‌ಐ ಅಲ್ಲಿ ಕಡಿಮೆ ಬೀಳುತ್ತದೆ.

ನಗರವಾಸಿ_ಜಿಮ್ನಿ

ನೈಟ್ರೋಜನ್ ಹಾಕಿಸಿದರೆ ಈ ಏರಿಳಿತ ಯಾವುದೂ ಇರುವುದಿಲ್ಲ ಎನ್ನುತ್ತಾರಲ್ಲ?

ಭೌತಶಾಸ್ತ್ರ_ಮೇಷ್ಟ್ರು

ನಾವು ಉಸಿರಾಡುವ ಗಾಳಿಯಲ್ಲೇ 78 ಭಾಗ ನೈಟ್ರೋಜನ್ ಇದೆ. ತಾಪ ಏರಿದಾಗ ಎರಡೂ ಒಂದೇ ನಿಯಮಕ್ಕೆ ಒಳಪಡುತ್ತವೆ. ತೇವಾಂಶವಿಲ್ಲದ ಅನಿಲ ಎಂಬ ಸಣ್ಣ ಲಾಭವಿದೆ, ನಿಜ. ಆದರೆ ತೋಟದ ಬಾಗಿಲಿನಲ್ಲಿ ಗಾಳಿ ಇಳಿಸಿ ಮತ್ತೆ ತುಂಬಿಸಿಕೊಳ್ಳುವವರು ನೈಟ್ರೋಜನ್ನಿಗೆ ಹಣ ಕೊಡುವುದರಲ್ಲಿ ಅರ್ಥವಿಲ್ಲ.

ಫೋರ್‌ಹೈ_ಸಕಲೇಶಪುರ

ಒಂದು ಎಚ್ಚರಿಕೆ. ಮುಂದಿನ ಟೈರಿಗೂ ಹಿಂದಿನ ಟೈರಿಗೂ ಬೇರೆ ಬೇರೆ ಒತ್ತಡವಿಟ್ಟು ಫೋರ್ ಹೈ (ಸಾಮಾನ್ಯ ವೇಗದಲ್ಲಿ ನಾಲ್ಕೂ ಚಕ್ರಗಳಿಗೆ ಬಲ ಕೊಡುವ ಗೇರು) ಹಾಕಿದರೆ ಚಕ್ರಗಳ ಸುತ್ತಳತೆ ಬೇರೆಯಾಗಿ, ಮುಂದಿನ ಹಿಂದಿನ ಚಕ್ರಗಳಿಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸ್ ಮುರಿಯುತ್ತದೆ. ನಾಲ್ಕರಲ್ಲೂ ಒಂದೇ ಒತ್ತಡವಿರಬೇಕು.

ಯಂತ್ರವಿದ್ಯೆ_ಹಾಸನ

ಇದನ್ನು ಒಪ್ಪಲಾರೆ. ರೇಡಿಯಲ್ ಟೈರಿನ ಬಟನ್ ಕೆಳಗೆ ಉಕ್ಕಿನ ಪಟ್ಟಿಯಿದೆ, ಅದರ ಸುತ್ತಳತೆ ಗಾಳಿಯಿಂದ ಹೆಚ್ಚು ಬದಲಾಗುವುದಿಲ್ಲ. ಎರಡು ಮೂರು ಪಿಎಸ್‌ಐ ವ್ಯತ್ಯಾಸದಿಂದ ಏನೂ ಮುರಿಯದು, ಹಿಂದೆ ಭಾರ ಹೇರಿದಾಗ ಹಿಂದಿನ ಟೈರಿಗೆ ಹೆಚ್ಚು ಗಾಳಿ ಬೇಕೇ ಬೇಕು. ಟ್ರಾನ್ಸ್‌ಫರ್ ಕೇಸಿಗೆ ನಿಜವಾದ ಹೊರೆ ಬೀಳುವುದು ಒಣ ಡಾಂಬರಿನ ಮೇಲೆ ಫೋರ್ ಹೈ ಹಾಕಿಕೊಂಡು ತಿರುವುಗಳಲ್ಲಿ ಓಡಿಸಿದಾಗ. ಹೊಸ ಟೈರೆರಡು, ಸವೆದ ಟೈರೆರಡು ಹಾಕಿದಾಗಲೂ ಬೀಳುತ್ತದೆ. ನಿಮ್ಮ ಕಾಳಜಿ ಸರಿಯಾದದ್ದು, ಕಾರಣ ಮಾತ್ರ ಬೇರೆ.

ಕಾಫಿತೋಟ_ಮೂಡಿಗೆರೆ

ತೂಕ ಹಾಕಿಸಿದೆ. ನಾಲ್ವರೂ ಸಾಮಾನೂ ಸೇರಿ ಮುಂದೆ ಸುಮಾರು 1,050, ಹಿಂದೆ ಸುಮಾರು 1,040 ಕೆ.ಜಿ. ಬಂತು. ಹೆದ್ದಾರಿಗೆ ತಣ್ಣಗಿರುವಾಗ 35 ಇಟ್ಟು ಹೊರಟು ಹಾಸನದಲ್ಲಿ ಅಳೆದರೆ ನಾಲ್ಕೂ 40ರಿಂದ 41ರೊಳಗಿದ್ದವು. ಹವೆಯ ಲೆಕ್ಕ ಕಳೆಯದಿದ್ದರೂ 6ರ ಮಿತಿ ದಾಟಿಲ್ಲ, ಆದ್ದರಿಂದ ಅದನ್ನೇ ಉಳಿಸಿಕೊಳ್ಳುತ್ತೇನೆ. ತೋಟದ ಏರಿಗೆ 22 ಸಾಕಾಯಿತು. ಈಗ ಉಳಿದಿರುವುದು ಕಂಪ್ರೆಸರ್ ಪ್ರಶ್ನೆ: ಸಿಗರೇಟ್ ಸಾಕೆಟ್ಟಿಗೆ ಸಿಕ್ಕಿಸುವ ಚಿಕ್ಕದು ಸಾಕೇ?

ಹುಬ್ಬಳ್ಳಿ_ಪ್ರಯಾಣಿಕಳು

ಒಂದು ಟೈರಿಗೆ ಎರಡು ಮೂರು ಪಿಎಸ್‌ಐ ಸೇರಿಸಲು ಸಾಕು. ನಾಲ್ಕು ಟೈರನ್ನು 22ರಿಂದ 35ಕ್ಕೆ ಏರಿಸಲು ಅದು ಬಹಳ ಹೊತ್ತು ತೆಗೆದುಕೊಳ್ಳುತ್ತದೆ, ಮಧ್ಯೆ ಮಧ್ಯೆ ಆರಲು ಬಿಡಬೇಕು. ಆ ಸಾಕೆಟ್ಟಿನ ಫ್ಯೂಸ್ ಸಾಮಾನ್ಯವಾಗಿ 10ರಿಂದ 15 ಆಂಪಿಯರ್‌ನದು, ದೊಡ್ಡ ಕಂಪ್ರೆಸರ್ ಅದಕ್ಕೆ ಸಿಕ್ಕಿಸಿದರೆ ಫ್ಯೂಸ್ ಹಾರುತ್ತದೆ. ಬ್ಯಾಟರಿಗೆ ನೇರವಾಗಿ ಕ್ಲಿಪ್ ಹಾಕುವಂಥದ್ದನ್ನು ಕೊಳ್ಳಿ, ಎಂಜಿನ್ ಚಾಲೂ ಇಟ್ಟೇ ತುಂಬಿಸಿ. ಗಾಳಿ ಬೇಗ ಇಳಿಸಲು ವಾಲ್ವ್ ಪಿನ್ ಬಿಚ್ಚುವವರಿದ್ದಾರೆ. ಕೆಸರಿನಲ್ಲಿ ಆ ಪಿನ್ ಕೈಜಾರಿದರೆ ಹುಡುಕುವುದು ಕಷ್ಟ, ಬಿಡಿ ಪಿನ್‌ಗಳು ಜೊತೆಗಿರಲಿ. ಗೇಜ್ ಒಂದೇ ಆಗಿರಲಿ, ನಿಮ್ಮದೇ ಆಗಿರಲಿ. ಒಂದು ಬಂಕಿನ ಗೇಜಿಗೂ ಇನ್ನೊಂದರದ್ದಕ್ಕೂ ತಾಳೆಯಾಗದೆ ಗೊಂದಲಪಡುವುದು ತಪ್ಪುತ್ತದೆ.

ಭೌತಶಾಸ್ತ್ರ_ಮೇಷ್ಟ್ರು

ಇನ್ನೊಂದು ಸೂಕ್ಷ್ಮ. ನೀವು ಹೆದ್ದಾರಿಯಿಂದ ನೇರ ಬಂದು ಬಿಸಿ ಟೈರನ್ನೇ 22ಕ್ಕೆ ಇಳಿಸಿದ್ದರೆ ಮರುದಿನ ಬೆಳಿಗ್ಗೆ ಅದು 19–20 ಇರುತ್ತದೆ. ನಿಮ್ಮ ಏರಿಗೆ ತೊಂದರೆಯಿಲ್ಲ. ಆದರೆ ಯಾರಾದರೂ ಬಿಸಿ ಟೈರನ್ನು 16ಕ್ಕೆ ಇಳಿಸಿ ರಾತ್ರಿ ಬಿಟ್ಟರೆ ಬೆಳಿಗ್ಗೆ ಬೀಡ್ ಕಳಚುವ ಮಟ್ಟಕ್ಕೆ ಬಂದಿರುತ್ತದೆ.

ಫೋರ್‌ಹೈ_ಸಕಲೇಶಪುರ

ಸ್ಟೆಪ್ನಿಗೆ ಎಷ್ಟಿಡಬೇಕು?

ಟೈರಂಗಡಿ_ಚಿಕ್ಕಮಗಳೂರು

ಹೆದ್ದಾರಿಗೆ ಇಡುವುದಕ್ಕಿಂತ 4–5 ಪಿಎಸ್‌ಐ ಹೆಚ್ಚಿಟ್ಟಿರಿ, ಟೈರಿನ ಮೇಲಿನ ಗರಿಷ್ಠ ಮಿತಿಯೊಳಗೆ. ತಿಂಗಳುಗಟ್ಟಲೆ ನಿಂತಾಗ ತಾನಾಗಿ ಇಳಿಯುತ್ತದೆ, ಹಾಕುವಾಗ ಹೆಚ್ಚಾಗಿದ್ದರೆ ಬಿಡುವುದು ಸುಲಭ. ಜೊತೆಗೆ ಅದರ ವಯಸ್ಸನ್ನೂ ನೋಡಿ. ಸೈಡ್‌ವಾಲ್ ಮೇಲೆ ನಾಲ್ಕಂಕಿಯ ಗುರುತಿರುತ್ತದೆ. 2319 ಎಂದರೆ 2019ರ 23ನೆಯ ವಾರ. ಬಟನ್ ಹೊಸದಾಗಿ ಕಂಡರೂ ಬಿಸಿಲಿನಲ್ಲಿ ವರ್ಷಗಟ್ಟಲೆ ನೇತಾಡಿದ ಸ್ಟೆಪ್ನಿಯ ಮೈಯಲ್ಲಿ ಸಣ್ಣ ಬಿರುಕುಗಳಿದ್ದರೆ ಅದನ್ನು ಪಂಕ್ಚರ್ ಅಂಗಡಿಯವರೆಗೆ ನಿಧಾನವಾಗಿ ಹೋಗಲು ಮಾತ್ರ ಬಳಸಿ.